ವಿದ್ವಾಂಸ ಆಟಗಾರ ಮೋ ಬರ್ಗ್

ಬೇಸ್‌ಬಾಲ್ ಅಮೆರಿಕದ ಜನಪ್ರಿಯ ಕ್ರೀಡೆ. ಕ್ರಿಕೆಟ್ಟಿನ ವಿಕೆಟ್‌ಕೀಪರನಂತೆ, ಈ ಆಟದಲ್ಲಿ ಕ್ಯಾಚರ್ ಎಂಬವನು ದಾಂಡಿಗನ ಹಿಂದೆ ಕುಳಿತು ಚೆಂಡನ್ನು ಹಿಡಿಯುತ್ತಾನೆ. ಇಡೀ ಮೈದಾನವು ಅವನ ಕಣ್ಣೆದುರಿಗಿರುತ್ತದೆ. ಎದುರಾಳಿಯ ದೌರ್ಬಲ್ಯವನ್ನು ಗ್ರಹಿಸಿ, ಚೆಂಡೆಸೆಯುವವನಿಗೆ ಬೆರಳ ಸನ್ನೆಯಿಂದ ಸೂಚನೆ ನೀಡುವುದು ಅವನ ಕರ್ತವ್ಯ. ಇಂತಹ ಕ್ಯಾಚರನಾಗಿದ್ದ ಮೋ ಬರ್ಗ್, ಯುದ್ಧಕಾಲದಲ್ಲಿ ಅದಕ್ಕಿಂತ ಕಠಿಣವಾದ ಪರೀಕ್ಷೆಯೊಂದನ್ನು ಎದುರಿಸಬೇಕಾಯಿತು.

ಬರ್ಗ್ 1902ರ ಮಾರ್ಚ್ 2ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ತಂದೆ ಔಷಧ ವ್ಯಾಪಾರಿ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳೊಡನೆ ನಮ್ಮ ಸಂಸ್ಕೃತವನ್ನೂ ಅಭ್ಯಸಿಸಿ, 1923ರಲ್ಲಿ ಪದವೀಧರನಾದನು. ಅದೇ ವರ್ಷ ಬ್ರೂಕ್ಲಿನ್ನಿನ ವೃತ್ತಿಪರ ತಂಡವನ್ನು ಸೇರಿದನು. ವಿದ್ಯಾವಂತನಾದ ಮಗನು ಆಟವನ್ನೇ ವೃತ್ತಿಯನ್ನಾಗಿ ಮಾಡಿಕೊಂಡುದು ತಂದೆಗೆ ಹಿಡಿಸಲಿಲ್ಲ. ಮಗನ ಆಟವನ್ನು ನೋಡಲು ಆತನು ಎಂದೂ ಹೋಗಲಿಲ್ಲ. ಬರ್ಗ್ ಕೊಲಂಬಿಯ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿಯನ್ನೂ ಗಳಿಸಿದನು. ಆದರೂ ಆಟವನ್ನು ಬಿಡಲಿಲ್ಲ.

1927ರಲ್ಲಿ ಷಿಕಾಗೋ ತಂಡದ ಕ್ಯಾಚರುಗಳು ಒಬ್ಬರಾದ ಮೇಲೊಬ್ಬರು ಗಾಯಗೊಂಡಾಗ, ಆ ಸ್ಥಾನವು ಬರ್ಗ್‌ನ ಪಾಲಿಗೆ ಬಂದಿತು. 1930ರಲ್ಲಿ ಮೊಣಕಾಲಿಗೆ ಬಲವಾದ ಪೆಟ್ಟು ಬಿದ್ದ ಮೇಲೆ ಅವನು ಬಹುಮಟ್ಟಿಗೆ ಮೀಸಲು ಆಟಗಾರನಾಗಿಯೇ ಉಳಿದನು. ಒಟ್ಟು 15 ಋತುಗಳಲ್ಲಿ 663 ಪಂದ್ಯಗಳನ್ನಾಡಿ, 1939ರಲ್ಲಿ ಆಟಗಾರಿಕೆಯಿಂದ ನಿವೃತ್ತನಾದನು.

ಆಗ ಎರಡನೆಯ ಮಹಾಯುದ್ಧವು ಆರಂಭವಾಗಿತ್ತು. 1943ರಲ್ಲಿ ಬರ್ಗ್ ಅಮೆರಿಕದ ಗುಪ್ತಚರ ಸಂಸ್ಥೆಯನ್ನು ಸೇರಿದನು. ಜರ್ಮನಿಯು ಪರಮಾಣು ಬಾಂಬನ್ನು ತಯಾರಿಸುತ್ತಿರಬಹುದೆಂಬ ಭೀತಿ ಅಮೆರಿಕವನ್ನು ಕಾಡುತ್ತಿತ್ತು. 1944ರ ಡಿಸೆಂಬರಿನಲ್ಲಿ ಜರ್ಮನಿಯ ಪ್ರಖ್ಯಾತ ಭೌತವಿಜ್ಞಾನಿ ಹೈಸನ್‌ಬರ್ಗ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಉಪನ್ಯಾಸ ನೀಡಲಿದ್ದನು. ಬರ್ಗ್ ಕಿಸೆಯಲ್ಲಿ ಪಿಸ್ತೂಲನ್ನಿಟ್ಟುಕೊಂಡು ಶ್ರೋತೃಗಳ ನಡುವೆ ಕುಳಿತನು. ಬಾಂಬು ಸಿದ್ಧವಾಗುತ್ತಿದೆಯೆಂದು ಉಪನ್ಯಾಸಕನ ಮಾತಿನಿಂದ ಖಚಿತವಾದರೆ, ಅವನನ್ನು ಅಲ್ಲಿಯೇ ಕೊಲ್ಲಬೇಕೆಂಬ ಆದೇಶವಿತ್ತು. ಊಹೆ ತಪ್ಪಿದರೆ ನಿರಪರಾಧಿಯ ಹತ್ಯೆ. ಸುಮ್ಮನಿದ್ದು ತಪ್ಪಿದರೆ ಲಕ್ಷಾಂತರ ಜನರ ಸಾವು. ಬರ್ಗ್ ಏಕಾಗ್ರಚಿತ್ತನಾಗಿ ಆಲಿಸಿದನು. ಬಾಂಬಿನ ಸುಳಿವೇನೂ ಕಾಣಲಿಲ್ಲ. ಬಳಿಕ ಭೋಜನಕೂಟದಿಂದ ಹಿಂದಿರುಗುವಾಗಲೂ ಅವನು ವಿಜ್ಞಾನಿಯ ಜೊತೆಯಲ್ಲಿ ಮಾತನಾಡುತ್ತ ನಡೆದನು. ಪಿಸ್ತೂಲು ಕಿಸೆಯಿಂದ ಹೊರಬರಲಿಲ್ಲ. ಜರ್ಮನಿಯು ಬಾಂಬಿನಿಂದ ಬಹುದೂರವಿತ್ತೆಂಬುದು ಯುದ್ಧಾನಂತರ ದೃಢಪಟ್ಟಿತು.

ಸರಕಾರವು ನೀಡಬಯಸಿದ ಸ್ವಾತಂತ್ರ್ಯ ಪದಕವನ್ನು ಬರ್ಗ್ ಸ್ವೀಕರಿಸಲಿಲ್ಲ. 1972ರಲ್ಲಿ ಅವನು ನಿಧನನಾದ ಮೇಲೆ ಅವನ ಸೋದರಿಯು ಅದನ್ನು ಪಡೆದಳು. ಆಟದ ದಾಖಲೆಗಳಲ್ಲಿ ಬರ್ಗ್‌ನ ಸ್ಥಾನವು ಸಾಧಾರಣವಾದುದೇ. ಆದರೆ ಆಯುಧವು ಕೈಗೆಟಕುವಂತಿದ್ದಾಗಲೂ ವಿವೇಚನೆಯನ್ನು ಕಳೆದುಕೊಳ್ಳದ ಅವನ ಸ್ಥೈರ್ಯವು ಸ್ಮರಣೀಯವಾದುದು.