ವೆಲ್ಲೂರಿನ ಡಾಕ್ಟರಮ್ಮನವರು

ತುಮಕೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನ ಮಾರ್ಗವಾಗಿ ಕಾಟ್ಪಾಡಿಯಲ್ಲಿಳಿದು, ರೋಗಿಯನ್ನು ವೆಲ್ಲೂರಿಗೆ ಕರೆದೊಯ್ದ ಮನೆಗಳು ಮರಳೂರಿನ ಕಡೆಯಲ್ಲಿಯೂ ಉಂಟು. ಹಿಂದಿರುಗಿದವರು ವೈದ್ಯರಿಗಿಂತ ಹೆಚ್ಚಾಗಿ ಅಲ್ಲಿಯ ದಾದಿಯರನ್ನೇ ಕೊಂಡಾಡುವುದನ್ನು ನಾವು ಕೇಳಿದ್ದೇವೆ. ಆದರೆ ಅದೇ ಮನೆಗಳಲ್ಲಿ, ಮಗಳು ದಾದಿಯ ವಿದ್ಯೆಯನ್ನು ಕಲಿಯುವೆನೆಂದರೆ ಹಿರಿಯರ ಮುಖ ಬಾಡುವುದೂ ಉಂಟು. ಆದಕಾರಣ ಆ ವಿದ್ಯಾಲಯಕ್ಕೆ ಕಾರಣರಾದ ಐಡಾ ಸೋಫಿಯಾ ಸ್ಕಡರ್ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಇವರು 1870ನೆಯ ಇಸವಿ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಜನಿಸಿದರು. ತಾತನವರೂ ತಂದೆಯವರೂ ಅಮೆರಿಕದಿಂದ ಬಂದ ವೈದ್ಯ ಮಿಷನೆರಿಗಳು. ಬಾಲ್ಯದಲ್ಲಿಯೇ ಕ್ಷಾಮದ ಘೋರವನ್ನು ಕಂಡಿದ್ದ ಈ ಬಾಲಕಿಗೆ ಈ ದೇಶದಲ್ಲಿ ನೆಲಸುವ ಇಚ್ಛೆ ಎಳ್ಳಷ್ಟೂ ಇರಲಿಲ್ಲ. ಅಮೆರಿಕದಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, 1890ರಲ್ಲಿ ತಿಂಡಿವನಕ್ಕೆ ಬಂದದ್ದು ಅಸ್ವಸ್ಥರಾಗಿದ್ದ ತಾಯಿಯವರ ಆರೈಕೆಗೆ ಮಾತ್ರ.

ಅಲ್ಲಿ ಒಂದು ರಾತ್ರಿ ಮೂವರು ಗೃಹಸ್ಥರು ಒಬ್ಬರ ಹಿಂದೆ ಒಬ್ಬರು ಬಂದು ಬಾಗಿಲು ತಟ್ಟಿದರು. ಇಬ್ಬರು ಹಿಂದುಗಳು, ಒಬ್ಬರು ಮುಸಲ್ಮಾನರು. ಮೂವರ ಮಡದಿಯರೂ ಪ್ರಸವವೇದನೆಯಲ್ಲಿದ್ದರು. ಮನೆಯಲ್ಲಿ ತಂದೆಯವರು ವೈದ್ಯರಿದ್ದರು. ಆದರೆ ಪರಪುರುಷನು ತಮ್ಮ ಹೆಂಗಸರನ್ನು ನೋಡುವುದು ಬಂದವರಿಗೆ ಒಪ್ಪಿಗೆಯಾಗಲಿಲ್ಲ. ಅವರು ಬೇಡಿದ್ದು ಐಡಾ ಅವರನ್ನು. ಅವರೋ ವೈದ್ಯವನ್ನು ಅರಿಯದವರು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಹೋದರು. ಐಡಾ ಅವರ ಮನಸ್ಸು ಆ ಒಂದೇ ರಾತ್ರಿಯಲ್ಲಿ ತಿರುಗಿತು.

ಅಮೆರಿಕಕ್ಕೆ ಮರಳಿ, 1899ರಲ್ಲಿ ಕಾರ್ನೆಲ್ ವೈದ್ಯಕಾಲೇಜಿನಲ್ಲಿ ಪದವಿಯನ್ನು ಪಡೆದು, 1900ರಲ್ಲಿ ವೆಲ್ಲೂರಿಗೆ ಬಂದರು. ಮೊದಲು ಒಂದೇ ಮಂಚದ ಔಷಧಾಲಯ. ಮನೆಯ ಸೇವಕನ ಮಡದಿ ಸಲೋಮಿಯೇ ಸಹಾಯಕಿ. ಷೆಲ್ ಎಂಬ ನ್ಯೂಯಾರ್ಕಿನ ಧನಿಕರು ತಮ್ಮ ದಿವಂಗತ ಪತ್ನಿಯ ನೆನಪಿಗಾಗಿ ಕೊಟ್ಟ 10,000 ಡಾಲರುಗಳಿಂದ 1902ರಲ್ಲಿ ಆಸ್ಪತ್ರೆ ಎದ್ದಿತು.

ಕಟ್ಟಡವಾಯಿತು, ಕೈಗಳು ಸಾಲದಾದುವು. ಶಸ್ತ್ರಚಿಕಿತ್ಸೆಯನ್ನು ಎಷ್ಟು ಚೆನ್ನಾಗಿ ಮಾಡಿದರೇನು, ರಾತ್ರಿಯೆಲ್ಲ ಎಚ್ಚರವಿದ್ದು ಗಾಯವನ್ನು ಶುಚಿಯಾಗಿಡುವವರು ಬೇಡವೆ? ಪರರ ಮೈಲಿಗೆಯನ್ನು ಮುಟ್ಟುವ ಈ ಕೆಲಸವನ್ನು ಆ ಕಾಲದ ಜನರು ಹೀನವೆಂದೆಣಿಸುತ್ತಿದ್ದರು. ಆದರೂ 1909ರಲ್ಲಿ ಡೀಲಿಯಾ ಹಾಟನ್ ಎಂಬ ಅಮೆರಿಕದ ದಾದಿಯ ನೆರವಿನಿಂದ ಐಡಾ ಅವರು ಶುಶ್ರೂಷಾ ಶಾಲೆಯನ್ನು ತೆರೆದರು. ಅದೇ ವರುಷ ಒಂದು ಪುಟ್ಟ ಪ್ಯೂಜೋ ಮೋಟಾರು ಬಂದಿತು. ದಾರಿಯುದ್ದಕ್ಕೂ ಮರದ ನೆರಳೇ ಅವರ ಚಿಕಿತ್ಸಾಲಯವಾಯಿತು.

1918ರಲ್ಲಿ ಸ್ತ್ರೀಯರ ವೈದ್ಯಶಾಲೆಯು ಆರಂಭವಾಗಿ, ಮೊದಲ ತಂಡದ 14 ಮಂದಿಯೂ 1922ರಲ್ಲಿ ತೇರ್ಗಡೆಯಾದರು. ಈ ಸಂಗತಿಯನ್ನು ಎಲ್ಲರೂ ಹೇಳುವರು. ದಾದಿಯರ ಶಾಲೆಯ ಮಾತನ್ನು ಮಾತ್ರ ಮರೆಯುವರು. ನಮಗೆ ಇದು ನ್ಯಾಯವಾಗಿ ತೋರದು.

1946ರಲ್ಲಿ ಭೋರ್ ಸಮಿತಿಯು ಇಡೀ ದೇಶಕ್ಕೆ ಸುಮಾರು 7,000 ದಾದಿಯರಷ್ಟೇ ಇರುವರೆಂದು ಲೆಕ್ಕ ಕೊಟ್ಟಿತು. ಹೊಸಬರಿಗೆ ಕಲಿಸಬಲ್ಲ ವಿದ್ಯಾವಂತ ದಾದಿಯರಂತೂ ಇನ್ನೂ ವಿರಳ. ಅದೇ ವರುಷ ವೆಲ್ಲೂರಿನ ಶಾಲೆಯಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿಯ ತರಗತಿ ಮೊದಲಾಯಿತು. ಭಾರತದಲ್ಲಿ ದಾದಿಯರಿಗೆ ಪದವಿಯನ್ನು ಕಲಿಸಿದ ಮೊದಲ ಸಂಸ್ಥೆಗಳು ಇದೂ ದೆಹಲಿಯದೂ ಎರಡೇ. ಹಿಂದೆ ಹೀನವೆನಿಸಿದ ಕೆಲಸಕ್ಕೆ ವೈದ್ಯವಿದ್ಯೆಯಂತೆಯೇ ವಿಶ್ವವಿದ್ಯಾಲಯದ ಮುದ್ರೆ ಬಿದ್ದಿತು.

ಐಡಾ ಅವರು ಆ ವರುಷವೇ ನಿವೃತ್ತರಾಗಿ ಕೊಡೈಕಾನಲಿನ ಬೆಟ್ಟದ ಮನೆಯನ್ನು ಸೇರಿದರು. ಅವಿವಾಹಿತರಾಗಿಯೇ ಉಳಿದ ಅವರು 1960ರ ಮೇ ತಿಂಗಳಿನಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.