ಎಲ್ಲವನ್ನೂ ಒಂದೇ ಸೂತ್ರಕ್ಕೆ ಕಟ್ಟಿದ ಅಬಟ್ ಥೇಯರ್

ಪಕ್ಷ ಬದಲಿಸಿದ ನಾಯಕನನ್ನು ಊಸರವಳ್ಳಿ ಅಂತ ಬೈಯುವುದು ನಮಗೆ ರೂಢಿ. ನಾನೂ ಹಾಗೆ ಬರೆದಿದ್ದೇನೆ. ಆದರೆ ಊಸರವಳ್ಳಿ ಬಣ್ಣ ಬದಲಿಸೋದು ಬರೀ ಅಡಗಿಕೊಳ್ಳೋಕಲ್ಲ. ಎದುರಾಳಿಯನ್ನು ಹೆದರಿಸೋಕೆ, ಸಂಗಾತಿಯನ್ನು ಸೆಳೆಯೋಕೆ, ಮೈಬಿಸಿ ಸರಿದೂಗಿಸೋಕೂ ಅದು ಬಣ್ಣ ಬದಲಿಸುತ್ತದೆ. ಪ್ರಾಣಿಯ ಬಣ್ಣ ಅಂದರೆ ಮರೆಮಾಚುವಿಕೆ ಅಂತ ನಾವು ಸಲೀಸಾಗಿ ಅಂದುಕೊಂಡುಬಿಡುತ್ತೇವೆ. ಇದೇ ತಪ್ಪನ್ನು ನಮಗಿಂತ ದೊಡ್ಡದಾಗಿ ಮಾಡಿದವನು, ಈ ಮರೆಮಾಚುವಿಕೆಯ ಗುಟ್ಟನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಮನುಷ್ಯನೇ ಅನ್ನೋದು ತಮಾಷೆ. ಆತ ಅಮೆರಿಕದ ಚಿತ್ರಕಾರ ಅಬಟ್ ಥೇಯರ್.

1849ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದ ಥೇಯರ್ ಬೆಳೆದದ್ದು ನ್ಯೂ ಹ್ಯಾಂಪ್‌ಶೈರ್‌ನ ಹಳ್ಳಿಗಾಡಿನಲ್ಲಿ, ಹಕ್ಕಿಗಳ ಹಿಂದೆ ಅಲೆಯುತ್ತಾ. ಚಿತ್ರಕಲೆ ಕಲಿಯಲು ಪ್ಯಾರಿಸ್‌ಗೆ ಹೋದ. ಸ್ವಂತ ಮಗಳನ್ನೇ ಎದುರು ನಿಲ್ಲಿಸಿಕೊಂಡು 1887ರಲ್ಲಿ ಬರೆದ ರೆಕ್ಕೆಯ ದೇವದೂತೆ ಇವತ್ತಿಗೂ ಅವನ ಪ್ರಸಿದ್ಧ ಚಿತ್ರ. ಮನೆಯೊಳಗೆ ದುಃಖವೇ ಹೆಚ್ಚು. ಇಬ್ಬರು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರು. 1891ರಲ್ಲಿ ಹೆಂಡತಿಯೂ ಹೋದಳು. ಒಂದು ದಿನ ಅತ್ಯುತ್ಸಾಹ, ಇನ್ನೊಂದು ದಿನ ಪಾತಾಳ ಅನ್ನುವಂತೆ ಅವನ ಮನಸ್ಸು ಕೊನೆಯವರೆಗೂ ತೂಗಾಡಿತು.

1896ರಲ್ಲಿ ಆತ ಪಕ್ಷಿಶಾಸ್ತ್ರಜ್ಞರ ಮುಂದೆ ಒಂದು ವಿಚಾರ ಇಟ್ಟ. ಬೆಳಕು ಬೀಳೋದು ಮೇಲಿಂದ. ಹಾಗಾಗಿ ಯಾವುದೇ ವಸ್ತುವಿನ ಮೇಲ್ಭಾಗ ಹೊಳೆಯುತ್ತದೆ, ಕೆಳಭಾಗ ನೆರಳಲ್ಲಿರುತ್ತದೆ. ಆ ನೆರಳಿಂದಲೇ ನಮ್ಮ ಕಣ್ಣು ಅದನ್ನು ಗುಂಡಗಿನ ವಸ್ತು ಅಂತ ಗುರುತಿಸೋದು. ಬಹಳಷ್ಟು ಪ್ರಾಣಿಗಳ ಮೈ ಇದಕ್ಕೆ ಉಲ್ಟಾ: ಬೆನ್ನು ಗಾಢ, ಹೊಟ್ಟೆ ಬಿಳಿ. ಬಂಡೀಪುರದ ಜಿಂಕೆಯನ್ನೋ ಮಾರ್ಕೆಟ್ಟಿನ ಬಂಗುಡೆಯನ್ನೋ ನೆನೆಸಿಕೊಳ್ಳಿ. ಬಣ್ಣವೂ ನೆರಳೂ ಒಂದನ್ನೊಂದು ಹೊಡೆದುಹಾಕಿದಾಗ ಪ್ರಾಣಿ ಚಪ್ಪಟೆಯಾಗಿ ಹಿನ್ನೆಲೆಯಲ್ಲಿ ಕರಗುತ್ತದೆ. ಚಪ್ಪಟೆ ಕ್ಯಾನ್ವಾಸಿನ ಮೇಲೆ ನೆರಳು ಬಳಿದು ಗುಂಡಗೆ ತೋರಿಸುವುದು ಚಿತ್ರಕಾರನ ಕಸುಬು. ಪ್ರಕೃತಿ ಅದನ್ನೇ ತಿರುಗಿಸಿ ಮಾಡುತ್ತಿದೆ ಅನ್ನೋದು ಥೇಯರ್‌ಗೆ ಹೊಳೆದಿತ್ತು. ಆತ ಗೆಣಸುಗಳಿಗೆ ಹೀಗೆ ಬಣ್ಣ ಬಳಿದು ನೆಲದಿಂದ ಸ್ವಲ್ಪ ಮೇಲೆ ನಿಲ್ಲಿಸಿದ. ಸ್ವಲ್ಪ ದೂರದಿಂದ ನೋಡಿದ ವಿಜ್ಞಾನಿಗಳಿಗೆ ಅವು ಕಾಣಿಸಲೇ ಇಲ್ಲ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ 1909ರಲ್ಲಿ ಮಗ ಜೆರಾಲ್ಡ್ ಜೊತೆ ಹೊರತಂದ ದೊಡ್ಡ ಪುಸ್ತಕದಲ್ಲಿ ಬಹುತೇಕ ಎಲ್ಲ ಬಣ್ಣವೂ ಅಡಗಿಸುವ ಬಣ್ಣವೇ ಆಗಿಹೋಯಿತು. ನವಿಲಿನ ನೀಲಿ ಕತ್ತು ಕಾಡಿನ ಎಲೆ, ಆಕಾಶದ ನಡುವೆ ಕರಗಲಿಕ್ಕಂತೆ. ಫ್ಲೆಮಿಂಗೊ ಗುಲಾಬಿಯಾಗಿರೋದು ಬೆಳಗು, ಸಂಜೆಯ ಕೆಂಪು ಬಾನಲ್ಲಿ ಮರೆಯಾಗಲಿಕ್ಕಂತೆ. ಮಧ್ಯಾಹ್ನ ಏನು ಮಾಡಬೇಕು ಪಾಪ, ಆ ಹಕ್ಕಿ?

ಆಗಷ್ಟೇ ಅಧಿಕಾರದಿಂದ ಇಳಿದಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಪುಸ್ತಕದ ಮೇಲೆ ಮುಗಿಬಿದ್ದ. ಆಫ್ರಿಕಾದಲ್ಲಿ ಬೇಟೆಯಾಡಿ ಬಂದವನು, 1911ರಲ್ಲಿ ನೂರಕ್ಕೂ ಹೆಚ್ಚು ಪುಟಗಳ ಖಂಡನೆ ಬರೆದ. ಫ್ಲೆಮಿಂಗೊ ವಿಷಯದಲ್ಲಿ ಅವನದೇ ಸರಿ. ಆದರೆ ಅವನೂ ಅತಿಗೆ ಹೋಗಿ, ಬಹುಪಾಲು ಹಕ್ಕಿ, ಪ್ರಾಣಿಗಳಿಗೆ ಬಣ್ಣದಿಂದ ಅಡಗುವ ಲಾಭವೇ ಅಷ್ಟಕ್ಕಷ್ಟೆ ಅಂದುಬಿಟ್ಟ. ನಮ್ಮ ಟೈಮ್‌ಲೈನ್ ಜಗಳಗಳ ಥರವೇ. ಒಬ್ಬ ಎಲ್ಲವೂ ಅಂದರೆ ಇನ್ನೊಬ್ಬ ಏನೂ ಇಲ್ಲ ಅಂದ.

ಯುದ್ಧಕ್ಕೂ ಈ ಉಪಾಯ ಒಪ್ಪುತ್ತದೆ ಅಂತ ಥೇಯರ್ ಮೊದಲೇ ಕಂಡಿದ್ದ. 1898ರ ಸ್ಪೇನ್ ಯುದ್ಧದ ಹೊತ್ತಲ್ಲೇ ಹಡಗುಗಳಿಗೆ ಹೀಗೆ ಬಣ್ಣ ಬಳಿಯುವ ಸಲಹೆ ಕೊಟ್ಟ. 1902ರಲ್ಲಿ ಗೆಳೆಯನ ಮಗನೊಂದಿಗೆ ಪೇಟೆಂಟನ್ನೂ ಪಡೆದ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೇನೆಗೆ, ಒಂದೇ ಬಣ್ಣದ ಖಾಕಿ ಬಿಟ್ಟು ಆಕಾರ ಒಡೆದು ತೋರಿಸುವ ಚೂರುಚೂರು ಬಣ್ಣದ ಸಮವಸ್ತ್ರ ಹಾಕಿ ಅಂದ. ಅವರು ಒಪ್ಪಲಿಲ್ಲ. 1921ರಲ್ಲಿ ಆತ ತೀರಿಕೊಂಡ. ಎರಡನೇ ಮಹಾಯುದ್ಧದ ವಿಮಾನಗಳು ಮೇಲೆ ಗಾಢ, ಕೆಳಗೆ ತಿಳಿ ಬಣ್ಣ ಬಳಿದುಕೊಂಡು ಹಾರಿದವು. ಇವತ್ತು ಸೈನಿಕರು ತೊಡುವುದು ಚೂರುಚೂರು ಬಣ್ಣದ ಬಟ್ಟೆಯನ್ನೇ.

ಇಂಜಿನಿಯರಿಂಗ್ ಲ್ಯಾಬಲ್ಲಿ ಸ್ಪ್ರಿಂಗಿಗೆ ತೂಕ ನೇತುಹಾಕಿ ಗ್ರಾಫ್ ಎಳೀತಿದ್ವಿ. ಒಂದು ಹಂತದವರೆಗೆ ನೇರ ಗೆರೆ, ಆಮೇಲೆ ಬಾಗುತ್ತದೆ. ಹಾಗಂತ ಹುಕ್‌ನ ನಿಯಮ ಸುಳ್ಳಲ್ಲ, ಅದಕ್ಕೊಂದು ಮಿತಿ ಇದೆ ಅಷ್ಟೆ. ಪತ್ರಕರ್ತನಾದ ಮೇಲೆ ಇದನ್ನು ಮರೆತೆ. ಒಂದು ಚುನಾವಣೆಯಲ್ಲಿ ನನ್ನ ಜಾತಿ ಲೆಕ್ಕಾಚಾರ ಸರಿಹೋಯಿತು. ಮುಂದಿನವುಗಳಲ್ಲಿ ಬೆಲೆ ಏರಿಕೆ, ನೀರು, ಸ್ಥಳೀಯ ಸಿಟ್ಟು, ಎಲ್ಲವನ್ನೂ ಆ ಲೆಕ್ಕಕ್ಕೇ ಬಗ್ಗಿಸಿ ಕೂರಿಸಿದೆ. ಜಾತಿ ಕೆಲಸ ಮಾಡಲ್ಲ ಅಂತಲ್ಲ, ಖಂಡಿತ ಮಾಡುತ್ತದೆ. ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ನಾನು ಕೇಳಿಕೊಳ್ಳಲಿಲ್ಲ.

ನಿಮ್ಮ ಕೈಯಲ್ಲೂ ಒಂದು ಸೂತ್ರ ಇರಬಹುದು. ವರ್ಗ, ಜಾತಿ, ಮಾರುಕಟ್ಟೆ, ಪಿತೂರಿ, ಯಾವುದೋ ಒಂದು. ಅದು ಯಾವ ಫ್ಲೆಮಿಂಗೊ ಮುಂದೆ ಸೋಲುತ್ತದೆ ಅಂತ ಮೊದಲು ನೀವೇ ಹುಡುಕಿ. ರೂಸ್‌ವೆಲ್ಟ್ ಬಂದು ತೋರಿಸುವವರೆಗೆ ಕಾಯಬೇಡಿ. ಅವನು ಫ್ಲೆಮಿಂಗೊ ಜೊತೆಗೆ ನಿಮ್ಮ ಗೆಣಸನ್ನೂ ಎಸೆದುಬಿಡುತ್ತಾನೆ.