ಶಂಕರ್ ನಾಗ್ ಎಂಬ ನಟರ ಚರಿತ್ರೆಯೂ ಅದರಿಂದ ನಮಗಾಗುವ ಬೋಧೆಯೂ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಆನಗೋಡು ಎಂಬ ಗ್ರಾಮವಿದೆ. 1990ನೆಯ ಇಸವಿ ಸೆಪ್ಟೆಂಬರ್ 30ರಂದು ಆ ಗ್ರಾಮದ ಬಳಿಯಲ್ಲಿ ಶಂಕರ್ ನಾಗ್ ಎಂಬ ಪ್ರಸಿದ್ಧ ನಟರು ಪ್ರಾಣಬಿಟ್ಟರು. ಅಂದಿನಿಂದ 30 ವರ್ಷಗಳಿಗಿಂತ ಹೆಚ್ಚು ಕಾಲ ಕಳೆದರೂ ಅವರ ಚಿತ್ರವು ಆಟೋರಿಕ್ಷಾಗಳ ಮೇಲೆ ಇಂದಿಗೂ ಕಾಣಸಿಗುತ್ತದೆ. ಅವರು ಸತ್ತ ಮೇಲೆ ಹುಟ್ಟಿದ ಹುಡುಗರು ಸಹ ಅವರನ್ನು ಶಂಕರಣ್ಣ ಎಂದು ಕರೆಯುತ್ತಾರೆ.

ಪ್ರಿಯ ವಾಚಕರೇ, ನಟರ ಹೆಸರಿನಲ್ಲಿ ಅಭಿಮಾನಿಗಳ ಸಂಘ ಕಟ್ಟುವುದು ಈಗ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ನಡೆಯುವ ಸಂಗತಿ. ನಮ್ಮ ಸಭೆಗಳ ಯೌವನಸ್ಥರನ್ನೂ ಅವರ ಗೆಳೆಯರು ಅಲ್ಲಿಗೆ ಕರೆಯುತ್ತಾರೆ. ಹೋಗಬಹುದೋ, ಹೋಗಬಾರದೋ? ಹೋದರೆ ಎಲ್ಲಿಯ ತನಕ? ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ, ಜನರ ಇಷ್ಟು ಪ್ರೀತಿಗೆ ಪಾತ್ರರಾದ ಆ ಮನುಷ್ಯರ ಬಾಳನ್ನು ತಿಳಿದುಕೊಳ್ಳುವುದು ಒಳ್ಳೇದು.

ಶಂಕರ್ ನಾಗ್ ಅವರು 1954ನೆಯ ಇಸವಿ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಹುಟ್ಟಿದರು. ಮನೆತನದ ಹೆಸರು ನಾಗರಕಟ್ಟೆ, ಮನೆಮಾತು ಕೊಂಕಣಿ. ಅವರ ಅಣ್ಣನಾದ ಅನಂತ್ ನಾಗ್ ಅವರೂ ಹೆಸರಾಂತ ನಟರು. ಶಂಕರರು ಯೌವನದಲ್ಲಿ ಮುಂಬಯಿಗೆ ಹೋಗಿ, ಬ್ಯಾಂಕಿನಲ್ಲಿ ಕೆಲಸಮಾಡುತ್ತಾ, ಮರಾಠಿ ನಾಟಕಗಳಲ್ಲಿ ಸೇರಿ, ಆ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತರು. ಮುಂದೆ ಅವರ ಪತ್ನಿಯಾದ ಅರುಂಧತಿಯವರ ಪರಿಚಯವೂ ಅಲ್ಲಿಯ ರಂಗಭೂಮಿಯಲ್ಲಿಯೇ ಆಯಿತು.

1978ರಲ್ಲಿ ಗಿರೀಶ್ ಕಾರ್ನಾಡರು ನಿರ್ದೇಶಿಸಿದ ಒಂದಾನೊಂದು ಕಾಲದಲ್ಲಿ ಎಂಬ ಚಲನಚಿತ್ರದಲ್ಲಿ ಶಂಕರರು ಕೂಲಿಗಾಗಿ ಕಾದಾಡುವ ಒಬ್ಬ ಯೋಧನ ಪಾತ್ರವನ್ನು ಧರಿಸಿದರು. ಅದಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಉತ್ತಮ ನಟನೆಂಬ ಪ್ರಶಸ್ತಿ ಅವರಿಗೆ ದೊರೆಯಿತು. ಅಲ್ಲಿಂದ ಮುಂದೆ ಅವರಿಗಿದ್ದ ಆಯುಷ್ಯವು 12 ವರ್ಷ ಮಾತ್ರ. ಅಷ್ಟರಲ್ಲಿಯೇ ಅವರು 80ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಮಿಂಚಿನ ಓಟ, ಗೀತಾ, ಆಕ್ಸಿಡೆಂಟ್ ಮೊದಲಾದವುಗಳನ್ನು ತಾವೇ ನಿರ್ದೇಶಿಸಿದರು. ಆಗುಂಬೆಯಲ್ಲಿ ಬೀಡುಬಿಟ್ಟು, ಆರ್. ಕೆ. ನಾರಾಯಣರ ಕಥೆಗಳನ್ನು ಮಾಲ್ಗುಡಿ ಡೇಸ್ ಎಂಬ ಹೆಸರಿನಿಂದ ದೂರದರ್ಶನಕ್ಕೆ ಸಿದ್ಧಮಾಡಿದರು. ಬೆಂಗಳೂರಿನಲ್ಲಿ ಸಂಕೇತ್ ಎಂಬ ನಾಟಕ ತಂಡವನ್ನೂ ಧ್ವನಿಮುದ್ರಣ ಶಾಲೆಯನ್ನೂ ನಡೆಸಿದರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವುದು ಹೇಗೆ, ಬೆಂಗಳೂರಿನ ಜನರಿಗೆ ಮೆಟ್ರೋ ರೈಲು ಹಾಕಿಸುವುದು ಹೇಗೆ ಎಂಬ ಯೋಚನೆಗಳೂ ಅವರಿಗಿದ್ದವು. ಆ ನಗರದಲ್ಲಿ ಮೆಟ್ರೋ ಓಡಿದ್ದು 2011ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ.

ದುಡಿಯುವ ಜನರು ಅವರನ್ನು ತಮ್ಮವರೆಂದು ಭಾವಿಸಿದ್ದಕ್ಕೆ ಕಾರಣವುಂಟು. 1980ರಲ್ಲಿ ಬಂದ ಆಟೋ ರಾಜ ಎಂಬ ಚಿತ್ರದಲ್ಲಿ ಅವರು ಆಟೋ ಚಾಲಕರಾಗಿ ಕಾಣಿಸಿಕೊಂಡರು. ದಿನವೆಲ್ಲಾ ಹೊಗೆಯನ್ನೂ ಬೈಗಳನ್ನೂ ಸಹಿಸಿ ದುಡಿಯುವ ಚಾಲಕನು, ತನ್ನ ಕಸುಬನ್ನು ಒಬ್ಬರು ಗೌರವದಿಂದ ತೋರಿಸಿದ್ದನ್ನು ಕಂಡು ಹಿಗ್ಗಿದನು. ಆಕ್ಸಿಡೆಂಟ್ ಚಿತ್ರದಲ್ಲಿ, ಕಾಲುದಾರಿಯ ಮೇಲೆ ಮಲಗಿದ್ದ ಬಡವರ ಮೇಲೆ ಐಶ್ವರ್ಯವಂತನ ಮಗನು ಅಮಲಿನಲ್ಲಿ ಕಾರು ಹರಿಸಿದ ಅನ್ಯಾಯವನ್ನು ಅವರು ಬಯಲಿಗೆ ತಂದರು. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. 1988ರಲ್ಲಿ ಬಂದ ಸಾಂಗ್ಲಿಯಾನ ಚಿತ್ರದಲ್ಲಿ ಅವರು ಧರಿಸಿದ ಪೊಲೀಸ್ ಅಧಿಕಾರಿಯ ಪಾತ್ರಕ್ಕೆ ಎಚ್. ಟಿ. ಸಾಂಗ್ಲಿಯಾನ ಎಂಬ ಅಧಿಕಾರಿಗಳ ಹೆಸರನ್ನಿಟ್ಟಿದ್ದರು. ಅವರು ಮಿಜೋರಾಮಿನಿಂದ ಬಂದು ನಮ್ಮ ನಾಡಿನಲ್ಲಿ ಸೇವೆಮಾಡಿದ ಕ್ರೈಸ್ತರು. ಒಬ್ಬ ಕ್ರೈಸ್ತ ಅಧಿಕಾರಿಯ ಹೆಸರು ಕನ್ನಡನಾಡಿನ ಮನೆಮಾತಾದದ್ದು ಹೀಗೆ. ಹೀಗಿರಲಾಗಿ, ಚಲನಚಿತ್ರದಿಂದ ಒಳ್ಳೇದೇನೂ ಬರಲಾರದೆಂದು ಹಿರಿಯರು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವಲ್ಲ.

ಜೋಕುಮಾರಸ್ವಾಮಿ ಎಂಬ ಚಿತ್ರದ ಕೆಲಸಕ್ಕಾಗಿ ಶಂಕರರು ಪತ್ನಿಯನ್ನೂ ಎಳೆಯ ಮಗಳನ್ನೂ ಕರೆದುಕೊಂಡು ಬೆಂಗಳೂರಿನಿಂದ ಉತ್ತರಕ್ಕೆ ಕಾರಿನಲ್ಲಿ ಹೊರಟರು. ದಾವಣಗೆರೆಯನ್ನು ಹಾದು, ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಮುಂದಕ್ಕೆ ಹೋಗಬೇಕಾಗಿತ್ತು. ಆದರೆ ಆನಗೋಡಿನ ಬಳಿಯಲ್ಲಿ ಅಪಘಾತವಾಗಿ ಆ ಪ್ರಯಾಣವು ಮುಗಿದುಹೋಯಿತು. ತಾಯಿಯೂ ಮಗಳೂ ಗಾಯಗೊಂಡು ಉಳಿದರು, ಅವರು ಉಳಿಯಲಿಲ್ಲ. ಆಗ ಅವರ ವಯಸ್ಸು 35. ಪರದೆಯ ಮೇಲೆ ನೂರು ಮಂದಿಯನ್ನು ಗೆದ್ದವರಾದರೂ ಅವರ ಪ್ರಾಣವು ನಮ್ಮ ನಿಮ್ಮ ಪ್ರಾಣದಂತೆಯೇ ಮೂಗಿನ ಉಸಿರಿನಲ್ಲಿತ್ತು. ಇದನ್ನು ಅವರನ್ನು ಹಗುರಮಾಡುವುದಕ್ಕಾಗಿ ಹೇಳುತ್ತಿಲ್ಲ. ಮನುಷ್ಯನು ಮನುಷ್ಯನೇ ಎಂಬುದನ್ನು ಜ್ಞಾಪಿಸುವುದಕ್ಕಾಗಿ ಹೇಳುತ್ತೇವೆ.

ಪ್ರೀತಿಯನ್ನು ತೋರಿಸುವ ಬಗೆಗಳು ಹಲವು. ಅರುಂಧತಿಯವರು ತಮ್ಮ ದುಃಖವನ್ನು ನುಂಗಿಕೊಂಡು, ವರ್ಷಾನುವರ್ಷ ಶ್ರಮಪಟ್ಟು, 2004ರಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ ರಂಗಶಂಕರ ಎಂಬ ನಾಟಕಶಾಲೆಯ ಬಾಗಿಲು ತೆರೆಯಿಸಿದರು. ಸತ್ತವರು ಪ್ರೀತಿಸಿದ ಕೆಲಸವನ್ನು ಮುಂದುವರಿಸುವುದೇ ಅವರ ಬಗೆಯಾಯಿತು. ಇದಕ್ಕೆ ಬೇರೆಯಾದ ಬಗೆಯೂ ನಮ್ಮ ನಾಡಿನಲ್ಲಿ ಬೆಳೆದಿದೆ. ನಟರ ಎತ್ತರವಾದ ಕಟೌಟುಗಳನ್ನು ನಿಲ್ಲಿಸಿ, ಹಾರ ಹಾಕಿ, ಆರತಿ ಎತ್ತಿ, ಕೊಡಗಟ್ಟಲೆ ಹಾಲು ಸುರಿಯುವುದುಂಟು. 2006ರಲ್ಲಿ ಡಾ. ರಾಜ್‌ಕುಮಾರ್ ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯೆದ್ದು ಕೆಲವರು ಪ್ರಾಣ ಕಳೆದುಕೊಂಡರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸುವಾಗ ವಿದ್ಯುತ್ತು ತಗುಲಿ ಮೂವರು ಯುವಕರು ಸತ್ತರು. ಅವರು ದುಷ್ಟರಲ್ಲ, ಹಳ್ಳಿಯ ಮನೆಗಳ ಮಕ್ಕಳು. ಅವರ ತಾಯಂದಿರ ಕಣ್ಣೀರನ್ನು ಯಾವ ನಟನು ಒರಸಬಲ್ಲನು?

ಲುಸ್ತ್ರ ಎಂಬ ಊರಿನಲ್ಲಿ ಅಪೊಸ್ತಲರಿಗೆ ಆದದ್ದನ್ನು ಇಲ್ಲಿ ನೆನಸಿಕೊಳ್ಳೋಣ. ಹುಟ್ಟುಕುಂಟನೊಬ್ಬನು ಎದ್ದು ನಡೆದದ್ದನ್ನು ಜನರು ನೋಡಿ, ಪೌಲನನ್ನೂ ಬಾರ್ನಬನನ್ನೂ ದೇವತೆಗಳೆಂದು ತಿಳಿದು, ಬಲಿಕೊಡುವುದಕ್ಕೆ ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದರು. ಅಪೊಸ್ತಲರು ಅದನ್ನು ಸ್ವೀಕರಿಸದೆ, ಬಟ್ಟೆಗಳನ್ನು ಹರಿದುಕೊಂಡು ಗುಂಪಿನೊಳಗೆ ನುಗ್ಗಿ, ತಾವೂ ಅವರಂಥ ಮನುಷ್ಯರೇ ಎಂದು ಕೂಗಿ ತಡೆದರು. ಬಳಿಕ ಬೇರೆ ಊರುಗಳಿಂದ ಬಂದವರ ಮಾತಿಗೆ ಮರುಳಾಗಿ, ಅದೇ ಜನರ ನಡುವೆ ಪೌಲನ ಮೇಲೆ ಕಲ್ಲುಗಳು ಬಿದ್ದವು. ಹಾರ ತಂದ ಊರಿನಲ್ಲಿಯೇ ಕಲ್ಲೂ ಎದ್ದಿತು. ಮನುಷ್ಯನನ್ನು ದೇವರ ಸ್ಥಾನದಲ್ಲಿಟ್ಟರೆ ಇಟ್ಟವರಿಗೂ ಕೇಡು, ಇಡಿಸಿಕೊಂಡವನಿಗೂ ಕೇಡು. ಪೌಲನು ಬದುಕಿದ್ದುದರಿಂದ ಬೇಡವೆನ್ನಬಲ್ಲವನಾಗಿದ್ದನು. ಸತ್ತವರಾದರೋ ಹಾಗೆ ಅನ್ನಲಾರರು. ಆದುದರಿಂದ ಅವರ ಪರವಾಗಿ ನಾವೇ ಎಚ್ಚರಿಕೆಯಿಂದಿರಬೇಕು.

ಹಾಗಾದರೆ ನಮ್ಮ ಯೌವನಸ್ಥರು ಮಾಡತಕ್ಕದ್ದೇನು? ಒಳ್ಳೆಯ ಚಿತ್ರವನ್ನು ನೋಡಿ ಸಂತೋಷಪಡುವುದು ಪಾಪವಲ್ಲ. ನಟನ ಜಾಣ್ಮೆಯನ್ನೂ ಶ್ರಮವನ್ನೂ ಹೊಗಳಿ, ಆ ವರವನ್ನು ಕೊಟ್ಟ ದೇವರಿಗೆ ಸ್ತೋತ್ರ ಹೇಳಿರಿ. ಅಭಿಮಾನಿಗಳು ಕೂಡಿ ರಕ್ತದಾನ ಮಾಡುವಲ್ಲಿ, ಶಾಲೆಯ ಮಕ್ಕಳಿಗೆ ಪುಸ್ತಕ ಹಂಚುವಲ್ಲಿ, ನೀವು ಮುಂದಾಗಿ ಕೈಜೋಡಿಸಿರಿ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ಅವರ ಮರಣದ ನಂತರ ದಾನಮಾಡಿದ್ದು ನೆನಪಿರಲಿ. ಅಂಥದನ್ನು ಅನುಸರಿಸುವುದಕ್ಕೆ ಕ್ರೈಸ್ತನು ಹಿಂಜರಿಯಬಾರದು. ಆದರೆ ಆರತಿಯೂ ಅಭಿಷೇಕವೂ ಯಾರಿಗೆ ಸಲ್ಲುವ ಮರ್ಯಾದೆಯೆಂಬುದು, ಅದನ್ನೆಲ್ಲಾ ಬಿಟ್ಟು ಕರ್ತನ ಬಳಿಗೆ ಬಂದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಅದನ್ನು ಮನುಷ್ಯನ ಚಿತ್ರಕ್ಕೆ ಕೊಡುವಲ್ಲಿ ವಿನಯದಿಂದ ಹಿಂದಕ್ಕೆ ಸರಿಯಿರಿ. ಗೆಳೆಯರನ್ನು ಹಳಿಯಬೇಡಿರಿ, ಜಗಳಕ್ಕೆ ನಿಲ್ಲಬೇಡಿರಿ. ಕಟೌಟಿಗೆ ಸುರಿಯುವ ಹಾಲು ಕೇರಿಯ ಕೂಸುಗಳಿಗೆ ಹೋಗಲೆಂದು ಪ್ರೀತಿಯಿಂದ ಕೇಳಿಕೊಳ್ಳಿರಿ. ಅವರಲ್ಲಿ ಒಪ್ಪುವವರು ಇದ್ದೇ ಇರುತ್ತಾರೆ.

ಹಿರಿಯರಿಗೂ ಒಂದು ಮಾತು. ಮನೆಯಲ್ಲಿ ಪ್ರೀತಿಯೂ ಸಭೆಯಲ್ಲಿ ಕೆಲಸವೂ ಸಿಕ್ಕದ ಹುಡುಗನು, ಅವು ಸಿಕ್ಕುವಲ್ಲಿಗೆ ಹೋಗುತ್ತಾನೆ. ಗದರಿಸುವುದಕ್ಕಿಂತ ಮುಂಚೆ ಅವನಿಗೆ ಜವಾಬ್ದಾರಿಯನ್ನು ಒಪ್ಪಿಸಿರಿ.

ಶಂಕರ್ ನಾಗ್ ಅವರಿಗೆ ದೊರೆತ 12 ವರ್ಷಗಳಲ್ಲಿ ಅವರು ಸೋಮಾರಿಯಾಗಿ ಕೂತಿರಲಿಲ್ಲ. ನಮಗೆ ದೊರೆತ ವರ್ಷಗಳು ಎಷ್ಟೆಂದು ನಮಗೂ ತಿಳಿಯದು. ಅವರ ದುಡಿಮೆಯನ್ನು ಅನುಸರಿಸೋಣ, ಬಡವರ ಮೇಲೆ ಅವರಿಟ್ಟ ಮರುಕವನ್ನು ಅನುಸರಿಸೋಣ. ಆರಾಧನೆಯನ್ನು ಮಾತ್ರ ಎಂದಿಗೂ ಸಾಯದ ಕರ್ತನಿಗೆ ಸಲ್ಲಿಸೋಣ.